ರಿಕಾಪಿಗಿಂತ ಜಮಾಬಂದಿ ನೋಡಿ

ಚೆನ್ನೈನ ಐಲ್ಯಾಂಡ್ ಮೈದಾನದ ಬಳಿ ಕುದುರೆಯೇರಿರುವ ಸರ್ ಥಾಮಸ್ ಮನ್ರೋ ಪ್ರತಿಮೆಯ ಬಗ್ಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಸವಾರ ಕಾಲೂರಲು ರಿಕಾಪು ಬೇಕಲ್ಲ, ಶಿಲ್ಪಿ ಅದನ್ನೇ ಮರೆತಿದ್ದಾನೆ! ಪ್ರತಿಮೆ ನೋಡುವ ರುಚಿ ಹತ್ತಿದವರು ಇದನ್ನು ಒಪ್ಪಲಾರರು. 1839ರಲ್ಲಿ ಇಲ್ಲಿ ನೆಲೆಗೊಂಡ ಈ ಕಂಚಿನ ಸವಾರನನ್ನು ರೂಪಿಸಿದವನು ಫ್ರಾನ್ಸಿಸ್ ಶಾಂಟ್ರಿ. ಲಂಡನ್ನಿನಲ್ಲಿರುವ ಅವನ ನಾಲ್ಕನೇ ಜಾರ್ಜ್ ಮತ್ತು ವೆಲಿಂಗ್ಟನ್ ಪ್ರತಿಮೆಗಳಿಗೂ ರಿಕಾಪಿಲ್ಲ. ಮೂರು ಸಲವೂ ಮರೆತನೆ? ಪ್ರಾಚೀನ ರೋಮಿನ ಸವಾರರ ಗತ್ತು ಬರಲೆಂದು ಬೇಕೆಂದೇ ಬಿಟ್ಟಿರಬೇಕು. ಒಂದೇ ಕೈಯ ಹಲವು ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಟ್ಟುಕತೆ ನಿಲ್ಲುವುದಿಲ್ಲ. ಕುದುರೆಯ ಮೇಲಿರುವ ಮನುಷ್ಯನನ್ನೂ ಹೀಗೆಯೇ ಒರೆಗೆ ಹಚ್ಚಬೇಕು.

ಮನ್ರೋ ರೈತರ ತಂದೆ ಎಂಬ ಮಾತು ಬಳ್ಳಾರಿ, ಅನಂತಪುರ, ಕಡಪ ಸೀಮೆಯಲ್ಲಿ ಬೇರು ಬಿಟ್ಟಿದೆ. ಮಂತ್ರಾಲಯದಲ್ಲಿ ರಾಯರೇ ಅವನಿಗೆ ದರ್ಶನ ಕೊಟ್ಟರೆಂಬ ಐತಿಹ್ಯವೂ ಇದೆ. ಆದರೆ 1780ರಲ್ಲಿ ಮದರಾಸಿಗೆ ಕೆಡೆಟ್ ಆಗಿ ಬಂದ ಈ ಗ್ಲಾಸ್ಗೋದವನು ಬಾರಾಮಹಲ್, 1799ರಲ್ಲಿ ಕೆನರಾ, ಆಮೇಲೆ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಇದೇ ಸೀಮೆಯ ಜಿಲ್ಲೆಗಳಲ್ಲಿ ಮಾಡಿದ ಮುಖ್ಯ ಕೆಲಸ ಕಂದಾಯ ವಸೂಲಿ. ಪಾಳೇಗಾರರನ್ನು ಹತ್ತಿಕ್ಕಿದ, ಹೊಲ ಅಳೆಸಿದ, ಜಮೀನ್ದಾರನ ಮಧ್ಯಸ್ಥಿಕೆಯಿಲ್ಲದೆ ನೇರ ರೈತನೊಡನೆ ಕಂದಾಯದ ಲೆಕ್ಕ, ಅಂದರೆ ಜಮಾಬಂದಿ, ಇತ್ಯರ್ಥ ಮಾಡುವ ರೈತವಾರಿ ಪದ್ಧತಿ ನಡೆಸಿದ. ಕಂಪನಿಯ ಆದಾಯ ಏರಿತು. ದರ ಮಾತ್ರ ಭಾರವಾಗಿತ್ತು; 1807ರಲ್ಲಿ ಅಲ್ಲಿಂದ ಹೊರಡುವ ಹೊತ್ತಿಗೆ ಶೇ. 25ರಷ್ಟು ಇಳಿಸಬೇಕೆಂದು ಅವನೇ ಶಿಫಾರಸು ಮಾಡಿದ.

ಹಾಗಾದರೆ ಕರುಣೆಯ ಹೆಸರೆಲ್ಲ ಸುಳ್ಳೇ ಎಂದು ಕೇಳಬಹುದು. ಪೂರ್ತಿ ಸುಳ್ಳಲ್ಲ. ಜಮೀನ್ದಾರಿಗೆ ಹೋಲಿಸಿದರೆ ಪಟ್ಟಾ ಕೈಗೆ ಬಂದ ರೈತನಿಗೆ ಒಂದು ಆಸರೆಯಿತ್ತು. 1820ರಲ್ಲಿ ಮದರಾಸಿನ ಗವರ್ನರ್ ಆದ ಮೇಲೆ ಮನ್ರೋ ರೈತವಾರಿಯನ್ನು ಮತ್ತೆ ನೆಲೆಗೊಳಿಸಿದ, ದರವನ್ನೂ ಇಳಿಸಿದ. ಭಾರತೀಯರನ್ನು ದೊಡ್ಡ ಹುದ್ದೆಗಳಿಂದ ದೂರವಿಡುವುದು ಅವರನ್ನು ಕುಗ್ಗಿಸುತ್ತದೆಂದು 1824ರ ಟಿಪ್ಪಣಿಯಲ್ಲಿ ಬರೆದ. ಆ ಕಾಲದ ಅಧಿಕಾರಿಯನ್ನು ಇಂದಿನ ಅಳತೆಯಲ್ಲಿ ತೂಗಬಾರದೆಂಬ ಆಕ್ಷೇಪವೂ ಇಲ್ಲಿ ಸಲ್ಲದು, ಏಕೆಂದರೆ ದರ ಭಾರವೆಂಬ ತೀರ್ಪು ನಮ್ಮದಲ್ಲ, ಅವನದೇ. ಅದನ್ನು ಕೊಡುವ ಮೊದಲು ಏಳು ವರ್ಷ ವಸೂಲಿ ನಡೆಸಿದವನೂ ಅವನೇ. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಸಾಯುವಾಗಲೂ ಅವನು ಆ ಜಿಲ್ಲೆಗಳ ಪ್ರವಾಸದಲ್ಲಿದ್ದ. ತನ್ನ ಲೆಕ್ಕದ ತಪ್ಪನ್ನು ಕಂಡು ತಿದ್ದಲು ಯತ್ನಿಸಿದ ದಕ್ಷ ಅಧಿಕಾರಿ ಎಂಬುದು ಮನ್ರೋಗೆ ಸಲ್ಲುವ ಹೊಗಳಿಕೆ; ಆ ಲೆಕ್ಕ ಕೊನೆವರೆಗೂ ಕಂಪನಿಯ ಖಜಾನೆಯದ್ದಾಗಿತ್ತು ಎಂಬುದು ಅದರ ಮಿತಿ.