ಎಫ್‌ಡಿ ಆಯಿಲ್‌ಗೆ ಸಿಕ್ಕ ದೊಡ್ಡ ಹೆಸರು

ಎರಡು ಸ್ಟ್ರೋಕ್ ಎಂಜಿನ್ನಿನ ಹೊಗೆ ಕಡಿಮೆಯಾಗಬೇಕಾದರೆ ಎಫ್‌ಡಿ ದರ್ಜೆಯ ಆಯಿಲ್ ಹಾಕಿ ಎನ್ನುವುದು ಈಗ ಎಲ್ಲರ ಬಾಯಲ್ಲೂ ಇರುವ ಸಲಹೆ. ಬ್ರಶ್ ಕಟರ್ ಮಾರುವವರು ಹೇಳುತ್ತಾರೆ, ಯಂತ್ರಗಳ ಬಗ್ಗೆ ಬರೆಯುವವರು ಒಬ್ಬರನ್ನೊಬ್ಬರು ನೋಡಿ ಬರೆಯುತ್ತಾರೆ, ಹಳೆಯ ಯೆಜ್ದಿಯನ್ನೋ ಆರ್‌ಎಕ್ಸ್ 100 ಅನ್ನೋ ಮುದ್ದಿನಿಂದ ಇಟ್ಟುಕೊಂಡವರಂತೂ ಅದಕ್ಕಿಂತ ಕೆಳಗಿನ ದರ್ಜೆಯ ಮಾತೆತ್ತಿದರೆ ಮುಖ ತಿರುಗಿಸುತ್ತಾರೆ. ಪೆಟ್ರೋಲಿಗೇ ಆಯಿಲ್ ಬೆರೆಸುವುದು ಏಕೆ ಎಂಬುದನ್ನು ಈ ಬರಹ ಓದುವವರಿಗೆ ವಿವರಿಸಬೇಕಿಲ್ಲ. ರಸ್ತೆಯಿಂದ ಈ ಎಂಜಿನ್ ಹೆಚ್ಚುಕಡಿಮೆ ಕಾಣೆಯಾಗಿದ್ದರೂ ಅಡಿಕೆ, ಕಾಫಿ ತೋಟಗಳಲ್ಲಿ ಅದರದೇ ಕಾರುಬಾರು. ಬ್ರಶ್ ಕಟರ್, ಚೈನ್ ಸಾ, ಬೆನ್ನಿಗೆ ಹೊರುವ ಪವರ್ ಸ್ಪ್ರೇಯರ್ ಎಲ್ಲದರಲ್ಲೂ ಸೈಲೆನ್ಸರ್ ಇರುವುದು ಕೆಲಸ ಮಾಡುವವನ ಮೂಗಿಗೆ ಬಹಳ ಹತ್ತಿರ. ದಿನವಿಡೀ ಹುಲ್ಲು ಹೊಡೆಯುವವನಿಗೆ ಹೊಗೆ ಸೊಗಸಿನ ಪ್ರಶ್ನೆಯಲ್ಲ, ಉಸಿರಿನದು. ಆದ್ದರಿಂದಲೇ ಈ ಸಲಹೆಯನ್ನು ಒರೆಗೆ ಹಚ್ಚಿ ನೋಡಬೇಕು. ಹೊಗೆಯ ಮಟ್ಟಿಗೆ ಎಫ್‌ಡಿಗೆ ಸಿಕ್ಕಿರುವ ಕೀರ್ತಿಯಲ್ಲಿ ಬಹುಪಾಲು ಅದು ಗಳಿಸಿದ್ದಲ್ಲ ಎನ್ನುವುದು ನನ್ನ ವಾದ.

ಮೊದಲು ಆ ದರ್ಜೆಯ ಪಟ್ಟಿಯನ್ನೇ ನಿಧಾನವಾಗಿ ಓದೋಣ. ಇದನ್ನು ರೂಪಿಸಿದ್ದು ಜಪಾನಿನ ವಾಹನ ಮಾನಕ ಸಂಸ್ಥೆ ಜಾಸೊ. ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂದು ಈಗ ಚಲಾವಣೆಯಲ್ಲಿರುವ ದರ್ಜೆಗಳು ಮೂರು. ಒಂದು ಗೊತ್ತಾದ ಮಾದರಿ ಆಯಿಲ್‌ಗೆ 100 ಅಂಕ ಕೊಟ್ಟು, ಮಿಕ್ಕವನ್ನು ಅದಕ್ಕೆ ಹೋಲಿಸಿ ಅಳೆಯುತ್ತಾರೆ. ಜಾರುಗುಣಕ್ಕೆ ಮೂರೂ ದರ್ಜೆಗೆ ಬೇಕಾದ ಕನಿಷ್ಠ ಅಂಕ 95. ಹೊಗೆಯ ಸಾಲಿಗೆ ಬಂದಾಗ ಎಫ್‌ಬಿಗೆ 45 ಸಾಕು, ಎಫ್‌ಸಿಗೆ 85 ಬೇಕು. ಅಂಕ ಹೆಚ್ಚಿದ್ದಷ್ಟೂ ಹೊಗೆ ಕಡಿಮೆ ಎಂದು ಲೆಕ್ಕ. ಹಾಗಾದರೆ ಎಫ್‌ಡಿಗೆ? ಅದಕ್ಕೂ 85. ಸೈಲೆನ್ಸರ್ ಕಟ್ಟಿಕೊಳ್ಳುವ ಪರೀಕ್ಷೆಯಲ್ಲೂ ಎಫ್‌ಸಿ, ಎಫ್‌ಡಿ ಎರಡಕ್ಕೂ ಗೆರೆ 90ರಲ್ಲೇ ಇದೆ. ಇವೆರಡರ ನಡುವಿನ ವ್ಯತ್ಯಾಸ ಇರುವುದು ಒಂದೇ ಒಂದು ಸಾಲಿನಲ್ಲಿ. ಪಿಸ್ಟನ್ ಮತ್ತು ರಿಂಗುಗಳಿಗೆ ಮಸಿ ಹತ್ತದಂತೆ ತೊಳೆದಿಡುವ ಗುಣಕ್ಕೆ ಎಫ್‌ಸಿ 95 ಗಳಿಸಿದರೆ ಸಾಕು, ಎಫ್‌ಡಿ 125 ಗಳಿಸಬೇಕು. ಇದು ನಿಜವಾದ ಹೆಚ್ಚುಗಾರಿಕೆ, ಅಲ್ಲಗಳೆಯುವಂತಿಲ್ಲ. ಸೆಕೆಯಲ್ಲಿ ಹೆಚ್ಚು ಹೊತ್ತು ಪೂರ್ತಿ ಆಕ್ಸಿಲರೇಟರ್‌ನಲ್ಲಿ ಓಡುವ ಎಂಜಿನ್ನಿಗೆ ಅದರಿಂದ ಲಾಭವಿದೆ. ಆದರೆ ಅದು ಒಳಗಿನ ಚೊಕ್ಕತನದ ಮಾತು, ಹೊರಗಿನ ಹೊಗೆಯದಲ್ಲ. ಹೊಗೆಯ ವಿಷಯದಲ್ಲಿ ಮೆಟ್ಟಿಲು ಎಫ್‌ಬಿಯಿಂದ ಎಫ್‌ಸಿಗೆ ಏರಿ ಅಲ್ಲೇ ನಿಂತುಬಿಟ್ಟಿದೆ. ಅದರ ಮೇಲೆ ಇನ್ನೊಂದು ಮೆಟ್ಟಿಲಿದೆ ಎಂದು ಹೇಳುತ್ತಿರುವವರು ಮಾರುವವರು ಮತ್ತು ಅವರ ಮಾತನ್ನು ನಕಲು ಮಾಡುವವರು.

ಇದಕ್ಕೆ ಸಿದ್ಧವಾಗಿರುವ ಆಕ್ಷೇಪವೊಂದಿದೆ. 85 ಎಂಬುದು ಕನಿಷ್ಠ ಗೆರೆಯಷ್ಟೆ, ಒಳ್ಳೆಯ ಎಫ್‌ಡಿ ಆಯಿಲ್ ಅದನ್ನು ಬಹಳ ದೂರ ದಾಟಿರಬಹುದಲ್ಲ ಎನ್ನುತ್ತಾರೆ. ದಾಟಿರಬಹುದು. ಒಳ್ಳೆಯ ಎಫ್‌ಸಿ ಆಯಿಲ್ ಕೂಡ ದಾಟಿರಬಹುದು. ಯಾವುದು ಎಷ್ಟು ದಾಟಿದೆ ಎಂಬ ಅಂಕವನ್ನು ಡಬ್ಬಿಯ ಮೇಲೆ ಅಚ್ಚು ಹಾಕುವ ರೂಢಿಯಿಲ್ಲ, ಹಾಗಾಗಿ ಅಕ್ಷರ ನೋಡಿ ಹೊಗೆ ಊಹಿಸುವುದಕ್ಕೆ ಆಧಾರವಿಲ್ಲ. ಎಫ್‌ಡಿಗೆ ಬದಲಾಯಿಸಿದ ಮೇಲೆ ಹೊಗೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವವರು ಹಲವರು. ಅವರ ಕಣ್ಣನ್ನು ನಾನು ಅನುಮಾನಿಸುವುದಿಲ್ಲ, ಕಾರಣವನ್ನು ಅನುಮಾನಿಸುತ್ತೇನೆ. ಅಗ್ಗದ ಆಯಿಲ್ ಇದ್ದಾಗ ಕೈಗೆ ಬಂದಷ್ಟು ಸುರಿಯುವವನು ದುಬಾರಿ ಡಬ್ಬಿ ಕೊಂಡ ದಿನದಿಂದ ಹನಿಹನಿ ಲೆಕ್ಕ ಹಾಕುತ್ತಾನೆ. ಹೊಗೆ ಇಳಿಸಿದ್ದು ಆಯಿಲ್‌ನ ಗುಣವೋ ಕೈಯ ಜಿಪುಣತನವೋ ಎಂಬುದನ್ನು ಬೇರ್ಪಡಿಸದೆ ಕೊಟ್ಟ ಸಾಕ್ಷಿಗೆ ಬೆಲೆ ಕಡಿಮೆ.

ಪ್ರಶ್ನೆಯ ತಿರುಳು ಇರುವುದು ಈ ಕೈಯಲ್ಲೇ. ಜಾಸೊ ಪರೀಕ್ಷೆಯಲ್ಲಿ ಮಾದರಿ ಆಯಿಲನ್ನೂ ಪರೀಕ್ಷೆಗೆ ಬಂದದ್ದನ್ನೂ ಒಂದೇ ಪ್ರಮಾಣದಲ್ಲಿ ಬೆರೆಸಿ ಹೋಲಿಸುತ್ತಾರೆ. ಪ್ರಮಾಣ ಕೆಟ್ಟರೆ ಏನಾಗುತ್ತದೆ ಎಂಬುದು ಆ ಅಂಕದೊಳಗೆ ಇಲ್ಲ. ಈಗಿನ ಹೆಚ್ಚಿನ ಬ್ರಶ್ ಕಟರುಗಳ ಕೈಪಿಡಿ ಕೇಳುವುದು 50ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲ್. 40ಕ್ಕೆ 1 ಎಂದರೆ 25 ಮಿಲಿಲೀಟರ್, 25ಕ್ಕೆ 1 ಎಂದರೆ 40. ಈ 20 ಮಿಲಿಲೀಟರ್ ಎಷ್ಟು ಚಿಕ್ಕದು ಎಂಬುದು ಬಾಟಲಿಯಿಂದ ನೇರವಾಗಿ ಸುರಿಯುವವರಿಗೆ ಅಂದಾಜಾಗುವುದಿಲ್ಲ. ಕೆಮ್ಮಿನ ಔಷಧದ ಜೊತೆ ಬರುವ 10 ಮಿಲಿಲೀಟರಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ಎರಡು ಸಲ, ಅಷ್ಟೇ. ‘ಒಂದು ಮುಚ್ಚಳ’ ಎಂಬ ಅಳತೆಯಂತೂ ಅಳತೆಯೇ ಅಲ್ಲ, ಒಂದೊಂದು ಕಂಪನಿಯ ಮುಚ್ಚಳ ಒಂದೊಂದು ಗಾತ್ರ. ಬಣ್ಣ ನೋಡಿ ಹದ ತಿಳಿಯುವುದು ಇನ್ನೊಂದು ಪದ್ಧತಿ. ಪೆಟ್ರೋಲಿಗೆ ಆಯಿಲ್ ಬಿದ್ದಿದೆಯೋ ಇಲ್ಲವೋ ಗೊತ್ತಾಗಲೆಂದು ತಯಾರಕರು ಕೆಂಪನ್ನೋ ನೀಲಿಯನ್ನೋ ಹಸಿರನ್ನೋ ಹಾಕಿರುತ್ತಾರೆ, ಎಷ್ಟು ಬಿದ್ದಿದೆ ಎಂದು ತಿಳಿಯಲೆಂದಲ್ಲ. ತೆಳು ಬಣ್ಣದ ಆಯಿಲ್ ಕೊಂಡವನು ‘ಇನ್ನೂ ಕೆಂಪಾಗಿಲ್ಲ’ ಎಂದು ಮತ್ತಷ್ಟು ಸುರಿದರೆ ಅವನ ಎಫ್‌ಡಿ 20 ಹೋಗಿ 50 ಮಿಲಿಲೀಟರ್ ಆಗುತ್ತದೆ. ಎಂಜಿನ್ನಿನೊಳಗೆ ಹೋಗುತ್ತಿರುವ ಎಣ್ಣೆ ಎರಡೂವರೆ ಪಟ್ಟು. ಯಾವ ದರ್ಜೆಯ ಅಕ್ಷರವೂ ಅದನ್ನು ಸರಿದೂಗಿಸಲಾರದು.

ಹಾಗೆಂದ ಮಾತ್ರಕ್ಕೆ ಆಯಿಲ್ ಯಾವುದಾದರೂ ನಡೆಯುತ್ತದೆ ಎಂದಲ್ಲ. ಸೈಲೆನ್ಸರಿನಿಂದ ಬರುವ ನೀಲಿ ಛಾಯೆಯ ಬಿಳಿ ಹೊಗೆ ಬಹುಪಾಲು ಸುಡದೆ, ಅರೆಬರೆ ಸುಟ್ಟು ಹೊರಬಿದ್ದ ಎಣ್ಣೆಯ ಸೂಕ್ಷ್ಮ ಹನಿ. ಹಳೆಯ ಬಗೆಯ 2ಟಿ ಆಯಿಲ್‌ಗಳಲ್ಲಿ ದಪ್ಪನೆಯ ಖನಿಜ ಎಣ್ಣೆಯ ಪಾಲು ದೊಡ್ಡದು, ಅದು ಸುಲಭಕ್ಕೆ ಸುಡುವುದಿಲ್ಲ. ಅದರ ಜಾಗಕ್ಕೆ ಪಾಲಿಐಸೊಬ್ಯುಟಿಲೀನ್ ಎಂಬ ಕೃತಕ ವಸ್ತುವನ್ನು ತಂದದ್ದು ಹೊಗೆ ಇಳಿಸುವುದರಲ್ಲಿ ನಿಜವಾದ ಮುನ್ನಡೆ. ಬೇರಿಂಗಿಗೆ ಬೇಕಾದ ದಪ್ಪವನ್ನು ಅದು ಕೊಡುತ್ತದೆ, ಸಿಲಿಂಡರಿನ ಬಿಸಿಗೆ ಬಿದ್ದೊಡನೆ ಮುರಿದು ಸಣ್ಣ ತುಂಡುಗಳಾಗಿ ಸುಟ್ಟುಹೋಗುತ್ತದೆ. ಎಫ್‌ಬಿಗೂ ಎಫ್‌ಸಿಗೂ ನಡುವಿನ 40 ಅಂಕಗಳ ಅಂತರದ ಹಿಂದೆ ಮುಖ್ಯವಾಗಿ ಇರುವುದು ಈ ರಸಾಯನ. ಕಾರಿನ, ಟ್ರಾಕ್ಟರಿನ ಎಂಜಿನ್ ಆಯಿಲನ್ನು, ಅದರಲ್ಲೂ ಬಳಸಿ ಇಳಿಸಿದ್ದನ್ನು, ಬೆರೆಸುವವರ ಬಗ್ಗೆ ಹೇಳುವುದೇ ಬೇಡ. ಅದು ಸುಡುವುದಕ್ಕಾಗಿ ಮಾಡಿದ್ದೇ ಅಲ್ಲ, ಬೂದಿ ಉಳಿಸುತ್ತದೆ. ದಕ್ಷಿಣ ಏಷ್ಯಾದ ಎರಡು ಸ್ಟ್ರೋಕ್ ವಾಹನಗಳ ಬಗ್ಗೆ ವಿಶ್ವ ಬ್ಯಾಂಕ್ 2000ದಲ್ಲಿ ಹೊರತಂದ ವರದಿ ಈ ಎರಡು ತಪ್ಪುಗಳನ್ನೂ ಒಟ್ಟಿಗೇ ಗುರುತಿಸಿತ್ತು: ಆಟೊ ಚಾಲಕರು 2ಟಿ ಅಲ್ಲದ ಎಣ್ಣೆ ಹಾಕುತ್ತಾರೆ, ಹಾಕುವುದನ್ನೂ ಬೇಕಾದ್ದಕ್ಕಿಂತ ಹೆಚ್ಚು ಹಾಕುತ್ತಾರೆ. ಈ ಎರಡರಲ್ಲಿ ಮೊದಲನೆಯದನ್ನು ನಮ್ಮ ಸಲಹೆಗಾರರು ಗಟ್ಟಿಯಾಗಿ ಹಿಡಿದುಕೊಂಡರು, ಎರಡನೆಯದನ್ನು ಕೈಬಿಟ್ಟರು. ಮೊದಲನೆಯದಕ್ಕೆ ಪರಿಹಾರವಾಗಿ ಮಾರಲು ಒಂದು ಡಬ್ಬಿ ಇತ್ತಲ್ಲ.

ಹೆಚ್ಚು ಎಣ್ಣೆ ಹಾಕಿದರೆ ಎಂಜಿನ್ನಿಗೆ ಆಯುಸ್ಸು ಹೆಚ್ಚು ಎಂಬುದು ಮೆಕ್ಯಾನಿಕ್‌ಗಳ ಹಳೆಯ ಪಂಥ. ಸೀಜ್ ಆದ ಎಂಜಿನ್ ರಿಪೇರಿ ಮಾಡಿ ಬೈಸಿಕೊಳ್ಳುವುದು ಅವರೇ ಆದ್ದರಿಂದ ಅವರ ಭಯವನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಲೆಕ್ಕ ಅವರ ಕಡೆಗಿಲ್ಲ. ಲೀಟರಿಗೆ 20 ಮಿಲಿಲೀಟರ್ ಬೆರೆಸಿದಾಗ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ನೂರಕ್ಕೆ 98, 50 ಬೆರೆಸಿದಾಗ 95ರ ಆಸುಪಾಸು. ಕಾರ್ಬೊರೇಟರ್ ಅಳೆದು ಕೊಡುವುದು ಮಿಶ್ರಣವನ್ನು. ಅದರಲ್ಲಿ ಎಣ್ಣೆ ಏರಿದಷ್ಟು ಪೆಟ್ರೋಲ್ ಇಳಿಯುತ್ತದೆ, ಗಾಳಿಯ ಪಾಲು ಮಿಕ್ಕುತ್ತದೆ, ಎಂಜಿನ್ ಅಲ್ಪಸ್ವಲ್ಪವಾದರೂ ಹೆಚ್ಚು ಬಿಸಿಯಾಗುವ ಕಡೆಗೇ ವಾಲುತ್ತದೆ. ಮೇಲಾಗಿ ಪ್ಲಗ್ ಒದ್ದೆಯಾಗುತ್ತದೆ, ಹೊಗೆ ಹೊರಹೋಗುವ ಕಿಂಡಿಗೆ ಮಸಿ ಕಟ್ಟುತ್ತದೆ, ರಿಂಗು ಅಂಟಿಕೊಳ್ಳುತ್ತದೆ. ಆಯುಸ್ಸಿಗೆಂದು ಸುರಿದದ್ದು ಆಯುಸ್ಸನ್ನೇ ತಿನ್ನುತ್ತದೆ. ತೋಟದ ಎಂಜಿನ್ ಸೀಜ್ ಆಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣಗಳಿವೆ: ಆಯಿಲ್ ಬೆರೆಸುವುದನ್ನೇ ಮರೆತದ್ದು, ಸಿಲಿಂಡರಿನ ರೆಕ್ಕೆಗಳ ಸಂದಿಯಲ್ಲಿ ಹುಲ್ಲು ಕಸ ತುಂಬಿದ್ದು, ಎಲ್ಲೋ ಸಡಿಲಾಗಿ ಗಾಳಿ ಎಳೆದುಕೊಂಡದ್ದು. ಕೈಪಿಡಿಯೇ 25ಕ್ಕೆ 1 ಎಂದಿದ್ದರೆ ಅದನ್ನೇ ಪಾಲಿಸಬೇಕು. ಹೊಗೆ ಇಳಿಸುವ ಹುಮ್ಮಸ್ಸಿನಲ್ಲಿ ಅದಕ್ಕಿಂತ ಕೆಳಗಿಳಿಯುವುದು ಇನ್ನೊಂದು ಬಗೆಯ ಮೂಢತನ.

ನನ್ನ ದೊಡ್ಡ ಜಗಳ ಮೆಕ್ಯಾನಿಕ್‌ಗಳ ಜೊತೆಯಲ್ಲ, ಬರೆಯುವವರ ಜೊತೆ. ಅದರಲ್ಲಿ ಒಂದು ಗುಂಪು ನೆನಪಿನ ಲೇಖಕರದು. ಆರ್‌ಎಕ್ಸ್ 100ರ ಹೊಗೆಯ ಪರಿಮಳವನ್ನು ಹಾಡಿ ಹೊಗಳುವ ಇವರು ಆ ಬೈಕಿನ ನಿಜವಾದ ಜಾಣತನವನ್ನು ಗಮನಿಸಿಯೇ ಇಲ್ಲ. ಅದರಲ್ಲಿ ಆಯಿಲ್‌ಗೆ ಬೇರೆ ಟ್ಯಾಂಕಿತ್ತು, ಎಂಜಿನ್ನಿನ ವೇಗಕ್ಕೂ ಆಕ್ಸಿಲರೇಟರ್ ತಿರುವಿದ್ದಕ್ಕೂ ತಕ್ಕಷ್ಟೇ ಎಣ್ಣೆ ಬಿಡುವ ಪಂಪಿತ್ತು. ಆ ಯಂತ್ರದ ಹೆಗ್ಗಳಿಕೆಯೇ ಅಳತೆ. ಪಂಪು ಕಿತ್ತು ಟ್ಯಾಂಕಿಗೇ ಕೈಯಿಂದ ಆಯಿಲ್ ಸುರಿಯುವವರು ಆ ಅಳತೆಯನ್ನೇ ಕಳಚಿಹಾಕಿ, ಮೇಲೆ ದುಬಾರಿ ರೇಸಿಂಗ್ ಆಯಿಲ್‌ನ ಬಗ್ಗೆ ಉಪದೇಶ ಮಾಡುತ್ತಾರೆ. ಇನ್ನೊಂದು ಗುಂಪು ಪರಿಸರದ ಬಗ್ಗೆ ಬರೆಯುವವರದು. ಕಾಣುವ ಹೊಗೆಯನ್ನೇ ಇವರು ಮಾಲಿನ್ಯವೆಂದು ಹಿಡಿಯುತ್ತಾರೆ, ಹೊಗೆ ಕಾಣದಾದೊಡನೆ ಗಾಳಿ ಶುದ್ಧವಾಯಿತೆಂದು ನೆಮ್ಮದಿಯಾಗುತ್ತಾರೆ. ಸಾಮಾನ್ಯ ಕಾರ್ಬೊರೇಟರಿನ ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಒಳಬಂದ ಹೊಸ ಮಿಶ್ರಣದ ಒಂದು ದೊಡ್ಡ ಪಾಲು, ಕೆಲವು ಸಂದರ್ಭಗಳಲ್ಲಿ ಮೂರನೇ ಒಂದರಷ್ಟು, ಸುಡುವ ಮೊದಲೇ ಹಳೆಯ ಹೊಗೆಯ ಬೆನ್ನಿಗೆ ಹೊರಗೆ ನುಸುಳುತ್ತದೆ. ಅದು ಪೆಟ್ರೋಲಿನ ಆವಿ, ಬೆಂಜೀನ್ ಸಮೇತ. ಜೊತೆಗೆ ಇಂಗಾಲದ ಮೊನಾಕ್ಸೈಡ್ ಇದೆ. ಇವೆರಡೂ ಕಣ್ಣಿಗೆ ಬೀಳುವುದಿಲ್ಲ, ಜಗತ್ತಿನ ಅತ್ಯುತ್ತಮ ಎಫ್‌ಡಿ ಹಾಕಿದರೂ ಕಡಿಮೆಯಾಗುವುದಿಲ್ಲ. ಬೆಂಗಳೂರಿನಲ್ಲಿ ಎರಡು ಸ್ಟ್ರೋಕ್ ಆಟೊಗಳನ್ನು ಗುಜರಿಗೆ ಕಳುಹಿಸಲು ಸರ್ಕಾರ ಸಹಾಯಧನ ಕೊಡಬೇಕಾಯಿತೇ ಹೊರತು ಒಳ್ಳೆಯ ಆಯಿಲ್ ಹಂಚಿದರೆ ಸಾಕಾಗಲಿಲ್ಲ. ಈ ವಿಷಯದಲ್ಲಿ ಬರಹಗಾರರಿಗಿಂತ ನ್ಯಾಯಾಲಯಕ್ಕೆ ಹೆಚ್ಚು ಒಳನೋಟವಿತ್ತು. ದೆಹಲಿಯ ಗಾಳಿಯ ಮೊಕದ್ದಮೆಯಲ್ಲಿ 1998ರ ಜುಲೈ 28ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ, ಆ ವರ್ಷದ ಕೊನೆಯೊಳಗೆ ಬಿಡಿ 2ಟಿ ಆಯಿಲ್ ಮಾರಾಟ ನಿಲ್ಲಬೇಕು, ಬಂಕಿನಲ್ಲೇ ಹದವಾಗಿ ಬೆರೆಸಿದ ಪೆಟ್ರೋಲ್ ಸಿಗಬೇಕು ಎಂದಿತು. ಕಲಬೆರಕೆಯ ಜೊತೆಗೆ ಸುರಿಯುವ ಕೈಯನ್ನೂ ಅದು ಕಟ್ಟಿಹಾಕಿತು.

ಕರಾವಳಿಯ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ನಿಗೂ ಎಫ್‌ಡಿಯೇ ಶ್ರೇಷ್ಠ ಎನ್ನುವ ಮಾತು ಈ ಕೀರ್ತಿ ಎಷ್ಟು ಕುರುಡಾಗಿದೆ ಎಂಬುದಕ್ಕೆ ಪುರಾವೆ. ನೀರಿನಿಂದ ತಣಿಯುವ ಆ ಎಂಜಿನ್ನುಗಳಿಗೆ ಟಿಸಿ-ಡಬ್ಲ್ಯೂ3 ಎಂಬ ಬೇರೆಯೇ ದರ್ಜೆಯಿದೆ, ಅದು ಬೂದಿ ಉಳಿಸದ ಆಯಿಲ್. ಬ್ರಶ್ ಕಟರಿನಂತೆ ಗಾಳಿಯಲ್ಲಿ ತಣಿಯುವ, ಹೆಚ್ಚು ಬಿಸಿಯಾಗುವ ಎಂಜಿನ್ನಿಗೆ ಇದು ಹೊಂದುವುದಿಲ್ಲ, ದೋಣಿಗೆ ಎಫ್‌ಡಿ ಹೊಂದುವುದಿಲ್ಲ. ಸೀಮೆಎಣ್ಣೆಯಲ್ಲಿ ಓಡುವ ದೋಣಿ ಎಂಜಿನ್ನಿನ ಹೊಗೆಯಲ್ಲಿ ಸೀಮೆಎಣ್ಣೆಯ ಪಾಲೂ ಇರುತ್ತದೆ, ಅದಕ್ಕೆ ಆಯಿಲ್ ಡಬ್ಬಿಯನ್ನು ಬೈದು ಪ್ರಯೋಜನವಿಲ್ಲ. ಹಾಗೆಯೇ ಯೆಜ್ದಿಯ ಕ್ರ್ಯಾಂಕಿನ ಸೀಲ್ ಹೋಗಿ ಗೇರ್‌ಬಾಕ್ಸಿನ ಆಯಿಲ್ ಒಳಗೆ ಎಳೆದುಕೊಳ್ಳುತ್ತಿದ್ದರೆ, ಬ್ರಶ್ ಕಟರಿನ ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ, ಚೋಕ್ ಅರ್ಧ ಎಳೆದೇ ಇದ್ದರೆ, ಬಿಡುವಿನ ಹೊತ್ತಿನಲ್ಲೆಲ್ಲ ಎಂಜಿನ್ ಸ್ಲೋದಲ್ಲಿ ಓಡುತ್ತ ಸೈಲೆನ್ಸರಿನಲ್ಲಿ ಎಣ್ಣೆ ಶೇಖರವಾಗಿದ್ದರೆ, ಬರುವ ಹೊಗೆ ಬೇರೆ. ಆಯಿಲ್ ಬದಲಾಯಿಸಿ ಅದನ್ನು ನಿಲ್ಲಿಸಲು ಹೊರಡುವುದು ದುಡ್ಡು ದಂಡ.

ಗಾಳಿಯಲ್ಲಿ ತಣಿಯುವ ಸಣ್ಣ ಎಂಜಿನ್ನಿಗೆ ಎಫ್‌ಸಿ ಗುರುತಿರುವ, ಹೆಸರುವಾಸಿ ಕಂಪನಿಯ ಯಾವುದೇ ಆಯಿಲ್ ಹೊಗೆಯ ದೃಷ್ಟಿಯಿಂದ ಸಾಕು. ದಿನವಿಡೀ ಓಡುವ ಯಂತ್ರವಾಗಿದ್ದರೆ, ಒಳಗೆ ಮಸಿ ಕಟ್ಟಬಾರದೆಂಬ ಕಾರಣಕ್ಕೆ ಎಫ್‌ಡಿಗೆ ಹೆಚ್ಚು ಹಣ ಕೊಡಬಹುದು. ಹೊಗೆ ಇಳಿಯಲಿ ಎಂಬ ಕಾರಣಕ್ಕೆ ಕೊಡಬೇಕಿಲ್ಲ. ಕಂಪನಿಗಳಲ್ಲಿ ಒಂದು ಕೋರಿಕೆ: ಡಬ್ಬಿಯ ಮುಂಭಾಗದಲ್ಲಿ ರೇಸಿಂಗ್ ಬೈಕಿನ ಚಿತ್ರ ಹಾಕುವ ಜಾಗದಲ್ಲಿ, ಲೀಟರ್ ಪೆಟ್ರೋಲಿಗೆ ಎಷ್ಟು ಮಿಲಿಲೀಟರ್ ಎಂಬುದನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಗೆರೆ ಹಾಕಿದ ಅಳತೆಯ ಲೋಟವೊಂದನ್ನು ಡಬ್ಬಿಯ ಜೊತೆಗೇ ಕೊಡಿ.