ಶಿಲಾಪಂಕ್ತಿಗಳೂ ಟೇಲರರ ವರ್ಣನೆಯೂ

ಮನ್ನಾಏಖೇಳ್ಳಿ, ಹುಮನಾಬಾದ ಪ್ರಾಂತದಿಂದ ತೆಂಕಣಕ್ಕೆ ಸಾಗಿ ಭೀಮೆಯನ್ನು ದಾಟಿದರೆ ಜೇವರ್ಗಿಯ ಕಲ್ಗುಪ್ಪೆಯ ಸಮಾಧಿಗಳೂ, ಅದರ ಮುಂದೆ ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲುಗೊಳಿಸಿದ ಗುಂಡುಕಲ್ಲುಗಳೂ ದೊರೆಯುವುವು. ಈ ಸೀಮೆಯ ಇಂತಹ ಅವಶೇಷಗಳನ್ನು ವಿದ್ವಲ್ಲೋಕದ ಗಮನಕ್ಕೆ ತಂದವರು, 1841ರಿಂದ ಸುರಪುರದಲ್ಲಿ ಅಧಿಕಾರಿಗಳಾಗಿದ್ದ ಫಿಲಿಪ್ ಮೆಡೋಸ್ ಟೇಲರರು. ಅವರ ಬರೆಹಗಳ ಗುಣದೋಷಗಳನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಟೇಲರರ ಕಣ್ಣು ನಂಬತಕ್ಕದ್ದು. ಸಮಾಧಿಯನ್ನು ಅಗೆದಾಗ ಮಣ್ಣು, ಕಲ್ಲು, ಎಲುಬು, ಗಡಿಗೆಗಳು ಯಾವ ಕ್ರಮದಲ್ಲಿದ್ದುವೋ ಅದೇ ಕ್ರಮದಲ್ಲಿ ಅವರು ಛೇದಚಿತ್ರ ಬರೆದರು. ಈ ಚಿತ್ರಗಳನ್ನು ಮಾರ್ಟಿಮರ್ ವೀಲರರೂ ಮೆಚ್ಚಿಕೊಂಡರು. ಆದರೆ ಕಂಡುದಕ್ಕೆ ಹೆಸರಿಡುವಲ್ಲಿ ಟೇಲರರು ತಮ್ಮ ಕಾಲಕ್ಕೆ ಅಧೀನರಾದರು. ಇವನ್ನು ಸಿಥಿಯನ್ನರ, ಬ್ರಿಟನ್ನಿನ ಪ್ರಾಚೀನ ಪುರೋಹಿತರಾದ ಡ್ರುಯಿಡರ ಕುರುಹುಗಳೆಂದು ಕರೆದರು. ರುಂಡ ಬೇರೆ, ಮುಂಡ ಬೇರೆಯಾಗಿದ್ದ ಅಸ್ಥಿಗಳನ್ನು ಕಂಡು ನರಬಲಿಯನ್ನು ಊಹಿಸಿದರು. 1947ರಲ್ಲಿ ವೀಲರರು ಬ್ರಹ್ಮಗಿರಿಯಲ್ಲಿ ಅಗೆಸಿದಾಗ, ಶವವನ್ನು ಬಯಲಲ್ಲಿಟ್ಟು ಅನಂತರ ಅಸ್ಥಿಗಳನ್ನು ಆಯ್ದು ಹೂಳುವ ಪದ್ಧತಿ ಇದ್ದಿರಬೇಕೆಂದು ತೋರಿತು. ಆದುದರಿಂದ ಬೇರ್ಪಟ್ಟ ತಲೆಯೊಂದೇ ಬಲಿಗೆ ಸಾಕ್ಷಿಯಾಗಲಾರದು.

ಹಾಗೆಂದು ನಮ್ಮ ಜನರಿಟ್ಟ ಹೆಸರೇ ಪ್ರಮಾಣವೆನ್ನಲೂ ಆಗದು. ಹಿರೇಬೆಣಕಲ್ಲಿನ ಶಿಲಾಗೃಹಗಳನ್ನು ‘ಮೋರ್ಯರ ಮನೆ’ ಎನ್ನುವರು. ಮೋರ್ಯರು ಕುಳ್ಳರೆಂಬುದು ಐತಿಹ್ಯ. ಶಬ್ದಸಾಮ್ಯವನ್ನೇ ಹಿಡಿದು ಮೌರ್ಯ ವಂಶಕ್ಕೆ ಗಂಟುಹಾಕುವುದೂ ಆತುರವೇ. ಏಕೆಂದರೆ ದಕ್ಷಿಣದ ಬೃಹಚ್ಛಿಲಾಸಂಸ್ಕೃತಿ ಮೌರ್ಯರಿಗಿಂತ ಬಹು ಶತಮಾನಗಳ ಹಿಂದೆಯೇ ಆರಂಭವಾಗಿತ್ತೆಂದು ಈಗಿನ ಕಾಲನಿರ್ಣಯಗಳು ತಿಳಿಸುತ್ತವೆ. ವಿಭೂತಿಹಳ್ಳಿಯ ಸಾಲುಗಳಲ್ಲಿ ಸೂರ್ಯೋದಯದ ದಿಕ್ಕುಗಳನ್ನು ಕಾಣುವ ಇತ್ತೀಚಿನ ವಾದವನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡತಕ್ಕದ್ದು.

ಈ ಎಚ್ಚರಿಕೆಗೆ ಕಾರಣವುಂಟು. ವೀರಗಲ್ಲು ಸ್ಥಳಾಂತರವಾದರೂ ಅದರ ಅಕ್ಷರವೂ ಶಿಲ್ಪವೂ ಸ್ವಲ್ಪಮಟ್ಟಿಗೆ ಮಾತನಾಡುವುವು. ಅಕ್ಷರವಿಲ್ಲದ ಶಿಲಾಪಂಕ್ತಿಗೆ ಇರುವ ಸ್ಥಾನವೇ ಅರ್ಥ. ಒಂದು ಗುಂಡು ಹೊಲದ ಬದುವಿಗೋ ಮನೆಯ ಬುನಾದಿಗೋ ಹೋದರೆ ವಾಕ್ಯದಲ್ಲಿ ಪದ ಲೋಪವಾದಂತೆ. ಆಗ ಉಳಿಯುವ ಮೂಲಪಾಠವೆಂದರೆ ಹಿಂದೆ ಕಂಡವರ ವರ್ಣನೆಯೇ. ಅದರಲ್ಲಿ ಕಂಡುದಾವುದು, ಊಹಿಸಿದುದಾವುದು ಎಂಬ ವಿಭಾಗವನ್ನು ಓದುಗನು ಮಾಡಿಕೊಳ್ಳಲೇಬೇಕು. ಪಾಠಾಂತರಗಳನ್ನು ಶೋಧಿಸುವುದರಲ್ಲಿ ಪಳಗಿದ ಸಾಹಿತ್ಯಾಧ್ಯಾಪಕರಿಗೆ ಈ ಕೆಲಸ ಅಪರಿಚಿತವಲ್ಲ. ಟೇಲರರ ಲೇಖನಗಳನ್ನು ತರಗತಿಯಲ್ಲಿ ಈ ರೀತಿಯಲ್ಲಿ ಓದಿಸುವುದು ಯುಕ್ತವೆಂದು ತೋರುತ್ತದೆ.