ಉಂಡವನ ಸುದ್ದಿ, ಬೇಯಿಸಿದವಳ ಸುದ್ದಿ

ಈ ಸಿನಿಮಾದ ಬಗ್ಗೆ ಬರೆಯುವ ಮೊದಲು ನನ್ನ ಅವ್ವ ಆಡಿದ ಒಂದು ಮಾತನ್ನು ಹೇಳಿಬಿಡಬೇಕು. ನಾನು ಕಾಲೇಜಿನಲ್ಲಿದ್ದಾಗ ಊರಿನ ಮೇಲ್ಜಾತಿಯ ಗೆಳೆಯನೊಬ್ಬ ನಮ್ಮ ಕೇರಿಗೆ ಬಂದು, ನಮ್ಮ ಹಟ್ಟಿಯಲ್ಲಿ ಕೂತು ಮುದ್ದೆ ಉಂಡ. ಅವ್ವ ಅವನನ್ನು 'ಬುದ್ಧಿ' ಎಂದೇ ಕರೆದು ಬಡಿಸಿದಳು. ಮಾರನೆಯ ದಿನ ಊರೆಲ್ಲ ಅದೇ ಸುದ್ದಿ. ಅವನಪ್ಪ ಅವನನ್ನು ನಾಲ್ಕು ದಿನ ಮನೆಯೊಳಕ್ಕೆ ಸೇರಿಸಲಿಲ್ಲ. ಕಾಲೇಜಿನಲ್ಲಿ ಅವನು ದೊಡ್ಡ ಕ್ರಾಂತಿಕಾರಿಯಾದ. ನಮ್ಮ ಸಂಘದ ಹುಡುಗರೂ ಅವನನ್ನು ಹೊಗಳಿದ್ದೇ ಹೊಗಳಿದ್ದು. ಅವ್ವ ಮಾತ್ರ ಒಲೆ ಮುಂದೆ ಕೂತು, 'ಅವ ಉಂಡುದ್ದು ಊರ್ಗೆಲ್ಲ ಗೊತ್ತಾಯ್ತು ಕನ ಮಗ, ನಾ ಬೇಸುದ್ದು ಯಾರ್ಗ್ ಗೊತ್ತಾಯ್ತು?' ಅಂದಳು.

ಈ ಮಾತು ನನಗೆ ಮತ್ತೆ ನೆನಪಾದದ್ದು 'ಸನ್ ಆಫ್ ದಿ ಸೌತ್' ಎಂಬ ಅಮೆರಿಕದ ಸಿನಿಮಾ ನೋಡುವಾಗ. 2021ರಲ್ಲಿ ತೆರೆಕಂಡ ಈ ಚಿತ್ರದ ನಿರ್ದೇಶಕ ಬ್ಯಾರಿ ಅಲೆಕ್ಸಾಂಡರ್ ಬ್ರೌನ್. ಸ್ಪೈಕ್ ಲೀ ಅವರ ಚಿತ್ರಗಳ ಸಂಕಲನಕಾರರಾಗಿ ಹೆಸರಾದವರು ಇವರು. ಬಾಬ್ ಝೆಲ್ನರ್ ಎಂಬ ಬಿಳಿಯ ಹೋರಾಟಗಾರನ ಆತ್ಮಕಥೆಯೇ ಚಿತ್ರಕ್ಕೆ ಆಧಾರ. ಬಿಳಿಯನ ಕಥೆಗೆ ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ಕಪ್ಪು ಜನರ ಹೋರಾಟವನ್ನು ನಾವು ದೂರದ ಸುದ್ದಿಯಾಗಿ ಯಾವತ್ತೂ ಓದಿಲ್ಲ. 1946ರಲ್ಲಿ ಬಾಬಾಸಾಹೇಬರು ಡುಬಾಯ್ಸ್ ಅವರಿಗೆ ಪತ್ರ ಬರೆದದ್ದು, 1972ರಲ್ಲಿ ಮುಂಬಯಿಯ ಹುಡುಗರು ಬ್ಲಾಕ್ ಪ್ಯಾಂಥರ್ಸ್ ಹೆಸರನ್ನೇ ಹಿಡಿದು ದಲಿತ ಪ್ಯಾಂಥರ್ಸ್ ಕಟ್ಟಿದ್ದು ನಮ್ಮ ಚರಿತ್ರೆಯ ಭಾಗ. ಆದ್ದರಿಂದ ಆ ಹೋರಾಟದೊಳಕ್ಕೆ ಹೊರಗಿನಿಂದ ಬಂದವನ ಪ್ರಶ್ನೆಯೂ ನಮ್ಮದೇ.

ಝೆಲ್ನರ್‌ನ ಹಿನ್ನೆಲೆಯನ್ನು ತಿಳಿದರೆ ಯಾರಿಗೂ ಆಶ್ಚರ್ಯವಾಗುತ್ತದೆ. ಅಜ್ಜ ಕೂ ಕ್ಲಕ್ಸ್ ಕ್ಲಾನಿನವನು. ಅಪ್ಪ ಮೆಥಡಿಸ್ಟ್ ಪಾದ್ರಿ. ಆತನೂ ಮೊದಲು ಕ್ಲಾನಿನಲ್ಲಿದ್ದವನೇ. ಯೂರೋಪಿಗೆ ಹೋಗಿದ್ದಾಗ ಕಪ್ಪು ಗಾಯಕರ ಒಡನಾಟದಲ್ಲಿ ಕಣ್ತೆರೆದು, ಹಿಂತಿರುಗಿ ಬಂದು ಕ್ಲಾನ್ ಬಿಟ್ಟ. ತಾಯಿ ಆ ಕ್ಲಾನಿನ ಬಿಳಿ ನಿಲುವಂಗಿಯನ್ನು ಕತ್ತರಿಸಿ ಮಕ್ಕಳಿಗೆ ಅಂಗಿ ಹೊಲಿದಳಂತೆ. ಇಂಥ ಮನೆಯ ಹುಡುಗ ಅಲಬಾಮಾದ ಮಾಂಟ್ಗೊಮರಿಯ ಹಂಟಿಂಗ್ಡನ್ ಕಾಲೇಜಿನಲ್ಲಿ ಓದುವಾಗ, ಸಮಾಜಶಾಸ್ತ್ರದ ಪಾಠಕ್ಕಾಗಿ ಜನಾಂಗ ಸಮಸ್ಯೆಯ ಕುರಿತು ಪ್ರಬಂಧ ಬರೆಯಲು ಹೊರಟು, ಗೆಳೆಯರೊಂದಿಗೆ ಕಪ್ಪು ಜನರ ಚರ್ಚಿನ ಸಭೆಗೆ ಹೋದ. ಅಷ್ಟಕ್ಕೇ ಕಾಲೇಜು ಬಿಟ್ಟುಹೋಗಿ ಎಂದಿತು ಆಡಳಿತ. ಇದನ್ನು ಎಷ್ಟು ದಿನ ಅಂತ ಓದುತ್ತಲೇ ಇರುತ್ತೀಯ, ಒಂದು ದಿನ ಏನಾದರೂ ಮಾಡಬೇಕಾಗುತ್ತದೆ ಎಂಬರ್ಥದ ಮಾತನ್ನು ರೋಸಾ ಪಾರ್ಕ್ಸ್ ತನಗೆ ಹೇಳಿದರೆಂದು ಝೆಲ್ನರ್ ಮುಂದೆ ನೆನೆದಿದ್ದಾನೆ. 1961ರಲ್ಲಿ ಅವನು ಕಪ್ಪು ವಿದ್ಯಾರ್ಥಿಗಳು ಕಟ್ಟಿದ 'ಸ್ನಿಕ್' ಎಂಬ ಸಮಿತಿಯ ಮೊದಲ ಬಿಳಿಯ ಕಾರ್ಯಕರ್ತನಾದ.

ಈ ಬದುಕು ದೊಡ್ಡದು. ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಇರುವುದು ಕ್ಯಾಮೆರಾದ ಮೇಲೆ. ಚಿತ್ರ ಈ ಹುಡುಗನ ಒಳತೋಟಿಯ ಸುತ್ತಲೇ ಸುತ್ತುತ್ತದೆ. ಅಜ್ಜನೋ ಅಂತಃಕರಣವೋ, ಮದುವೆಯಾಗಬೇಕಿದ್ದ ಹುಡುಗಿಯೋ ಹೋರಾಟವೋ ಎಂಬ ಅವನ ತಳಮಳಕ್ಕೆ ಕಪ್ಪು ಜನರ ಬದುಕು ಹಿನ್ನೆಲೆಯ ಪರದೆಯಾಗುತ್ತದೆ.

ಇದು ಈ ಒಂದು ಚಿತ್ರದ ರೋಗವೂ ಅಲ್ಲ. ರಿಚರ್ಡ್ ಅಟೆನ್‌ಬರೋ 1987ರಲ್ಲಿ ಮಾಡಿದ 'ಕ್ರೈ ಫ್ರೀಡಂ' ನೋಡಿ. ಪೊಲೀಸರ ವಶದಲ್ಲಿ ಸತ್ತ ಸ್ಟೀವ್ ಬಿಕೋ ಅರ್ಧ ಸಿನಿಮಾಕ್ಕೇ ಮುಗಿದುಹೋಗುತ್ತಾನೆ. ಉಳಿದರ್ಧ ಬಿಳಿಯ ಪತ್ರಕರ್ತ ಡೊನಾಲ್ಡ್ ವುಡ್ಸ್ ತಪ್ಪಿಸಿಕೊಂಡು ಹೋಗುವ ಸಾಹಸಕ್ಕೆ ಮೀಸಲು. ಇದೇ ಅಟೆನ್‌ಬರೋ 1982ರಲ್ಲಿ 'ಗಾಂಧಿ' ತೆಗೆದಾಗ ಅದರಲ್ಲಿ ಅಂಬೇಡ್ಕರ್ ಅವರಿಗೆ ಜಾಗವೇ ಇರಲಿಲ್ಲ. 1988ರ 'ಮಿಸ್ಸಿಸಿಪ್ಪಿ ಬರ್ನಿಂಗ್' ಚಿತ್ರವಂತೂ ಎಫ್‌ಬಿಐನ ಬಿಳಿಯ ಅಧಿಕಾರಿಗಳನ್ನೇ ಉದ್ಧಾರಕರನ್ನಾಗಿ ಮಾಡಿತು. ಉಂಡವನ ಸುದ್ದಿಯೇ ಸುದ್ದಿ. ಬೇಯಿಸಿದವರು ಹೊಗೆಯಲ್ಲೇ ಉಳಿದರು.

ಮಿಸ್ಸಿಸಿಪ್ಪಿಯ ಮೆಕೋಂಬ್ ಪಟ್ಟಣದಲ್ಲಿ ಬೇಯಿಸಿದವರು ಯಾರು? ಬ್ರೆಂಡಾ ಟ್ರಾವಿಸ್ ಎಂಬ ಹದಿಹರೆಯದ ಶಾಲಾ ಹುಡುಗಿ. ಬಸ್ ನಿಲ್ದಾಣದಲ್ಲಿ ಬಿಳಿಯರ ಜಾಗದಲ್ಲಿ ಕೂತು ಜೈಲಿಗೆ ಹೋದಳು. ಶಾಲೆ ಅವಳನ್ನು ಹೊರಗೆ ಹಾಕಿತು. ಪಕ್ಕದ ಸೀಮೆಯ ಹರ್ಬರ್ಟ್ ಲೀ ಎಂಬ ಕಪ್ಪು ರೈತ. ಮತದಾರರ ನೋಂದಣಿಗೆ ದುಡಿದದ್ದಕ್ಕೆ 1961ರ ಸೆಪ್ಟೆಂಬರ್ 25ರಂದು ಹಾಡಹಗಲೇ ಅವನನ್ನು ಗುಂಡಿಕ್ಕಿ ಕೊಂದವನು ಆ ರಾಜ್ಯದ ಒಬ್ಬ ಶಾಸಕ. ಅವನಿಗೆ ಶಿಕ್ಷೆಯಾಗಲಿಲ್ಲ. ಅದನ್ನು ಕಣ್ಣಾರೆ ಕಂಡಿದ್ದ ಲೂಯಿಸ್ ಅಲೆನ್‌ನನ್ನೂ 1964ರಲ್ಲಿ ಕೊಂದರು.

ಇದರ ವಿರುದ್ಧ 1961ರ ಅಕ್ಟೋಬರ್ 4ರಂದು ನೂರಕ್ಕೂ ಹೆಚ್ಚು ಕಪ್ಪು ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಅದರಲ್ಲಿ ಇದ್ದ ಒಬ್ಬನೇ ಬಿಳಿಯ ಝೆಲ್ನರ್. ಗುಂಪು ಅವನ ಮೇಲೆ ಬಿತ್ತು, ಕಣ್ಣು ಕೀಳಲು ನೋಡಿತು. ಆಗ ಬಾಬ್ ಮೋಸೆಸ್, ಚಕ್ ಮೆಕ್‌ಡ್ಯೂ ಎಂಬ ಇಬ್ಬರು ಕಪ್ಪು ಯುವಕರು ಅಡ್ಡ ಬಂದು ತಮ್ಮ ಮೈಮೇಲೆ ಏಟು ಹಾಕಿಸಿಕೊಂಡರು. ಇದನ್ನು ಓದುಗರು ಗಮನಿಸಬೇಕು. ಉದ್ಧಾರಕನ ಕಥೆಗಳಲ್ಲಿ ಬಿಳಿಯ ಕಪ್ಪು ಜನರನ್ನು ಕಾಪಾಡುತ್ತಾನೆ. ಮೆಕೋಂಬ್‌ನ ಬೀದಿಯಲ್ಲಿ ಕಪ್ಪು ಹುಡುಗರು ಬಿಳಿಯನನ್ನು ಕಾಪಾಡಿದರು. ಝೆಲ್ನರ್ ಯಾರನ್ನೂ ಉದ್ಧರಿಸಲು ಬಂದವನಲ್ಲ. ಕಪ್ಪು ಜನ ನಡೆಸುತ್ತಿದ್ದ ಸಂಘಟನೆಯಲ್ಲಿ ಅವರು ಹೇಳಿದ ಕೆಲಸ ಮಾಡಲು ಬಂದವನು. ಅವನಿಗೆ ಮೊದಲು ಒಪ್ಪಿಸಿದ್ದ ಕೆಲಸವೂ ದಕ್ಷಿಣದ ಬಿಳಿಯರ ಕಾಲೇಜುಗಳಿಗೆ ಹೋಗಿ ಮಾತಾಡುವುದೇ.

ಇಲ್ಲಿ ನಮ್ಮ ಹಳೆಯ ಜಗಳವೊಂದು ನೆನಪಾಗುತ್ತದೆ. 1932ರಲ್ಲಿ ಹರಿಜನ ಸೇವಕ ಸಂಘ ಹುಟ್ಟಿದಾಗ ಅದರ ಹಿಡಿತ ಅಸ್ಪೃಶ್ಯರ ಕೈಯಲ್ಲಿ ಇಲ್ಲವೆಂಬುದು ಅಂಬೇಡ್ಕರ್ ಅವರ ಆಕ್ಷೇಪ. ಇದು ಸವರ್ಣೀಯರ ಪ್ರಾಯಶ್ಚಿತ್ತ, ಸಾಲಗಾರರು ಸಾಲ ತೀರಿಸುವ ಸಂಘ ಎಂಬುದು ಗಾಂಧಿಯ ಸಮರ್ಥನೆ. ಸಾಲ ಎಷ್ಟು, ಕಂತು ಯಾವಾಗ ಎಂದು ಸಾಲಗಾರನೇ ಬರೆಯುವ ಲೆಕ್ಕದ ಪುಸ್ತಕ ಅದು! ಡಿ.ಆರ್. ನಾಗರಾಜ್ ಈ ಮುಖಾಮುಖಿಯನ್ನು ಆತ್ಮಶುದ್ಧಿ ಮತ್ತು ಆತ್ಮಗೌರವಗಳ ನಡುವಿನದಾಗಿ ಕಂಡರು. ಝೆಲ್ನರ್ ನನಗೆ ಮುಖ್ಯನಾಗುವುದು ಇಲ್ಲಿ. ಅವನು ಆತ್ಮಶುದ್ಧಿಗೆ ಬೇರೆ ಅಂಗಡಿ ತೆರೆಯಲಿಲ್ಲ. ಇನ್ನೊಬ್ಬರ ಆತ್ಮಗೌರವದ ಕೆಳಗೆ ದುಡಿದ. ಆದರೆ ಚಿತ್ರ ಅವನ ಬದುಕನ್ನು ಆತ್ಮಶುದ್ಧಿಯ ಕಥೆಯಾಗಿ ಹೇಳುತ್ತದೆ. ಆದ್ದರಿಂದಲೇ ಅದಕ್ಕೆ ಅವನು ಹೋರಾಟಕ್ಕೆ ಸೇರಿದ 1961ರ ಸುತ್ತಮುತ್ತಲ ಕಾಲ ಸಾಕಾಗುತ್ತದೆ.

ಅಸಲಿ ಪರೀಕ್ಷೆ ಬಂದದ್ದು ಆಮೇಲೆ. 1966ರ ಡಿಸೆಂಬರಿನಲ್ಲಿ ಸ್ನಿಕ್ ಬಿಳಿಯರನ್ನು ಹೊರಗಿಡುವ ನಿರ್ಣಯ ಮಾಡಿತು. ಪರ 19, ವಿರೋಧ 18, ತಟಸ್ಥ 24. ರೋಗ ಇರುವುದು ನಿಮ್ಮ ಜನರಲ್ಲಿ, ಅಲ್ಲಿ ಹೋಗಿ ಕೆಲಸ ಮಾಡಿ ಎಂಬುದು ಒಟ್ಟು ತಾತ್ಪರ್ಯ. 1967ರಲ್ಲಿ ಝೆಲ್ನರ್ ಮತ್ತು ಅವನ ಹೆಂಡತಿ ಡಾಟಿ, ಬಿಳಿಯರ ನಡುವೆ ಕೆಲಸ ಮಾಡುತ್ತೇವೆ, ಆದರೆ ಮತದ ಹಕ್ಕಿರುವ ಪೂರ್ಣ ಸದಸ್ಯರಾಗಿಯೇ ಇರುತ್ತೇವೆ ಎಂದು ಕೇಳಿಕೊಂಡರು. ಸಮಿತಿ ಒಪ್ಪಲಿಲ್ಲ. ಏಟು ತಿಂದು, ಜೈಲು ಕಂಡು, ಆರು ವರ್ಷ ದುಡಿದವನಿಗೆ ಸಿಕ್ಕ ಉತ್ತರ ಇದು. ಅವನಿಗೆ ಎಷ್ಟು ನೋವಾಗಿರಬೇಕು! ಆದರೂ ಅವರು ಹೋದರು. ಮರ ಕಡಿದು ಕಾರ್ಖಾನೆಗಳಿಗೆ ಸಾಗಿಸುವ ಬಡ ಬಿಳಿಯ ಕೂಲಿಗಳನ್ನೂ ಕಪ್ಪು ಕೂಲಿಗಳನ್ನೂ ಒಂದೇ ಸಂಘಕ್ಕೆ ತರುವ ಕೆಲಸಕ್ಕೆ ಇಳಿದರು. ಅಜ್ಜನ ಕ್ಲಾನಿಗೆ ಆಳುಗಳು ಸಿಗುತ್ತಿದ್ದದ್ದು ಎಂಥ ಜನರ ನಡುವೆಯೋ ಅಲ್ಲಿಗೇ ಮೊಮ್ಮಗ ಹಿಂತಿರುಗಿದ. ಇದನ್ನು ಸಿನಿಮಾ ಮಾಡುವವರಿಲ್ಲ. ಇದರಲ್ಲಿ ಚಪ್ಪಾಳೆಗೆ ಅವಕಾಶ ಇಲ್ಲವಲ್ಲ.

ಈಗ ನನ್ನ ಗೆಳೆಯನ ಉಳಿದ ಕಥೆ. ಒಂದು ದಿನ ಸಂಘದ ಸಭೆಯಲ್ಲಿ ಹಿರಿಯರೊಬ್ಬರು ಅವನಿಗೆ, 'ನೀ ನಮ್ಮಟ್ಟಿಗೆ ಬಂದು ಉಂಡುದ್ದು ಸಾಕು ಕನಪ್ಪ. ನಿಮ್ ಬೀದಿ ಹೋಟ್ಲಲ್ಲಿ ನಮ್ಗೆ ಬ್ಯಾರೆ ಲೋಟ ಮಡ್ಗವ್ರೆ. ಅದ ಕೇಳೋಗು' ಎಂದರು. ಅವನು ತಲೆತಗ್ಗಿಸಿ ಎದ್ದುಹೋದ. ಮತ್ತೆ ಬರಲಿಲ್ಲ. ಹೋಟೆಲಿಗೂ ಹೋಗಿ ಕೇಳಲಿಲ್ಲ. ನಮ್ಮಟ್ಟಿಯಲ್ಲಿ ಉಣ್ಣುವುದಕ್ಕಿಂತ ಅವನ ಬೀದಿಯಲ್ಲಿ ಕೇಳುವುದು ಕಷ್ಟ ಎಂಬುದು ಅವನಿಗೆ ಗೊತ್ತಿತ್ತು. ಆ ಲೋಟಗಳನ್ನು ಕಡೆಗೆ ಒಡೆದದ್ದು ನಮ್ಮ ಹುಡುಗರೇ. ಅದಕ್ಕೆ ಏಟು ತಿಂದದ್ದೂ ಅವರೇ.

ಆ ಹಿರಿಯರ ಮಾತು ಒರಟಾಯಿತೇನೋ ಎಂದು ಬಹಳ ವರ್ಷ ನನಗೆ ಅಳುಕಿತ್ತು. ಒಳ್ಳೆಯ ಗೆಳೆಯನನ್ನು ನಾವೇ ಕಳೆದುಕೊಂಡೆವೇ ಎಂದು ಒಳಗೊಳಗೇ ಕೇಳಿಕೊಂಡಿದ್ದೇನೆ. ಝೆಲ್ನರ್‌ನ ಬದುಕು ಆ ಅಳುಕನ್ನು ಕಳೆಯಿತು. ಹೋಗು ಎಂದರೆ ಹೋಗಿ ಕೆಲಸ ಮುಂದುವರಿಸುವವರು ಲೋಕದಲ್ಲಿ ಇದ್ದಾರೆ. ಹಾಗೆ ಕೇಳುವುದು ಅನ್ಯಾಯವಲ್ಲ. ಮೇಲಿನವರು ನಮ್ಮ ಬಳಿಗೆ ಬಂದ ದಿನವನ್ನು ಬರೆದಿಡಲು ಸಿನಿಮಾದವರು, ಸಾಹಿತಿಗಳು ಬೇಕಾದಷ್ಟು ಮಂದಿ ಇದ್ದಾರೆ. ಅವರು ತಮ್ಮ ಮನೆಗೆ ಹಿಂತಿರುಗಿ ಏನು ಮಾಡಿದರು ಎಂದು ಕೇಳುವುದು ದಲಿತ ವಿಮರ್ಶೆಯ ಕೆಲಸ. ಝೆಲ್ನರ್‌ನ ತಾಯಿ ಕತ್ತರಿ ಹಾಕಿದ್ದು ಪರರ ಬಟ್ಟೆಗಲ್ಲ, ತನ್ನ ಗಂಡನ ನಿಲುವಂಗಿಗೆ.